ಕಾಂಪೌಂಡಿನಾಚೆ ನಿಂತು ಕೇಳಿದ ಊರು

ಕೋಟೆ ಬೀದಿಯ ಕೇಳುಗ | ಸೋಮವಾರ, ರಾತ್ರಿ 10.50

ಈಗಷ್ಟೇ ಮನೆ ಸೇರಿ ಕೈಕಾಲು ತೊಳೆದು ಕುಳಿತಿದ್ದೇನೆ. ಕಿವಿಯಲ್ಲಿ ತನಿ ಆವರ್ತನ, ಕಚೇರಿಯಲ್ಲಿ ಮೃದಂಗದವರಿಗೆಂದೇ ಬಿಡುವ ಆ ಭಾಗ, ಇನ್ನೂ ಮುಗಿದಿಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವ ನಡೆಯುತ್ತಿದೆ. ಎಂದಿನಂತೆ ಇವತ್ತೂ ನಾನು ಚಪ್ಪರದ ಒಳಗೆ ಕಾಲಿಡಲಿಲ್ಲ. ಕಾಂಪೌಂಡಿಗೆ ಒರಗಿ ರಸ್ತೆ ಬದಿಯಲ್ಲಿ ನಿಂತು ಎರಡು ಗಂಟೆ ಕೇಳಿದೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮುಗಿಯುವಾಗ ಏಳಾಗಿರುತ್ತದೆ. ಅಷ್ಟು ಹೊತ್ತಿಗೆ ಒಳಗೆ ವರ್ಣ ಮುಗಿದು ಒಂದೆರಡು ಕೃತಿಗಳೂ ಆಗಿರುತ್ತವೆ. ನಡುವೆ ಒಳಗೆ ನುಗ್ಗಿ ಕುಳಿತವರ ಕಾಲು ತುಳಿಯುವುದು ಬೇಡವೆಂದು ಹೊರಗೆ ನಿಲ್ಲತೊಡಗಿದವನು ಮೂವತ್ತು ವರ್ಷ ಅಲ್ಲಿಯೇ ನಿಂತೆ.

ಹೊರಗೆ ನಿಂತವನಿಗೆ ಸಂಗೀತ ಇಡಿಯಾಗಿ ದಕ್ಕುವುದಿಲ್ಲ. ವೀಣೆಯನ್ನು ಬಸ್ಸಿನ ಹಾರ್ನ್ ನುಂಗುತ್ತದೆ. ಹಾಡುವವರ ದನಿ ತುಂಡು ತುಂಡಾಗಿ ಬರುತ್ತದೆ. ಸಿಗ್ನಲ್ ಬಿದ್ದು ವಾಹನಗಳು ನಿಂತಾಗ ಆಲಾಪನೆಯ ಒಂದು ಎಳೆ ಸಿಗುತ್ತದೆ, ಹಸಿರು ದೀಪ ಬಂದರೆ ಅದು ಹೋಯಿತು. ಯಾವ ರಾಗವೆಂದು ಗುರುತು ಹತ್ತುವುದರೊಳಗೆ ಮತ್ತೆ ಹಾರ್ನ್. ಆದರೆ ಮೃದಂಗ ಮಾತ್ರ ಯಾವ ಗದ್ದಲವನ್ನೂ ಸೀಳಿಕೊಂಡು ಬಂದು ಎದೆಗೆ ತಾಗುತ್ತದೆ. ನಾನು ನಿಲ್ಲುವ ಜಾಗದ ಹತ್ತಿರ ಒಬ್ಬ ಆಟೊ ಚಾಲಕ ಇಪ್ಪತ್ತು ವರ್ಷಗಳಿಂದ ಗಾಡಿ ನಿಲ್ಲಿಸುತ್ತಾನೆ. ಹೆಸರು ಕೇಳಿಲ್ಲ. ಇವತ್ತು ತನಿ ಶುರುವಾದಾಗ ಅವನು ತೋತಾಪುರಿ ಹೋಳು ತಿನ್ನುತ್ತಿದ್ದ. ಖಾರದ ಪುಡಿ ಅಂಟಿದ ಬಲಗೈಯನ್ನು ಮೇಲಕ್ಕೆತ್ತಿ ಹಿಡಿದು, ಎಡಗೈ ಬೆರಳುಗಳಿಂದ ಸೀಟಿನ ಪಕ್ಕದ ಸರಳಿನ ಮೇಲೆ ತಾಳ ಹಾಕತೊಡಗಿದ. ಮೂರು, ನಾಲ್ಕು. ಮೂರು, ನಾಲ್ಕು. ಏಳು ಎಣಿಕೆಯ ತಾಳ, ಮಿಶ್ರ ಚಾಪು. ಒಂದು ಆವರ್ತವೂ ತಪ್ಪಲಿಲ್ಲ. ನಡುವೆ ಯಾರೋ ಬಂದು ಜಯನಗರಕ್ಕೆ ಬರುತ್ತೀಯಾ ಎಂದು ಕೇಳಿದರು. ಅವನು ಕತ್ತು ಅಲ್ಲಾಡಿಸಿದ, ಬೆರಳು ನಿಲ್ಲಿಸಲಿಲ್ಲ. ತನಿ ಮುಗಿದ ಮೇಲೆ ಕೈ ತೊಳೆದುಕೊಂಡು ಗಾಡಿ ತೆಗೆದ.

ನಡೆದು ಬರುವಾಗ ಅದೇ ಯೋಚನೆ. ಈ ಊರಿನಲ್ಲಿ ನಾನು ಪಟ್ಟ ಸುಖಗಳೆಲ್ಲ ಹೀಗೆ ಗೋಡೆ ದಾಟಿ ಬಂದವು. ಸಂಗೀತ ಮಾತ್ರವಲ್ಲ, ಸಿನಿಮಾ, ಕ್ರಿಕೆಟ್ ಕೂಡ.

ನಮ್ಮ ದೊಡ್ಡಪ್ಪನ ಮನೆ ಕೆಂಪೇಗೌಡ ರಸ್ತೆಯ ಹಿಂಬದಿಯ ಓಣಿಯಲ್ಲಿ, ಒಂದು ಚಿತ್ರಮಂದಿರದ ಗೋಡೆಗೆ ತಾಗಿಕೊಂಡೇ ಇತ್ತು. ಬೇಸಿಗೆ ರಜೆಗೆ ಅಲ್ಲಿಗೇ ಹೋಗುತ್ತಿದ್ದೆ. ಮ್ಯಾಟಿನಿ ವೇಳೆ ಸೆಖೆಗೆ ಹೊರಬಾಗಿಲುಗಳನ್ನು ತೆರೆದು ಪರದೆಯನ್ನಷ್ಟೇ ಎಳೆದಿರುತ್ತಿದ್ದರು. ಓಣಿಯ ಮಕ್ಕಳಿಗೆ ಸಿನಿಮಾ ನೋಡುವ ಮೊದಲೇ ಬಾಯಿಪಾಠ. ಶಿಳ್ಳೆ ಎದ್ದರೆ ನಾಯಕ ಬಂದ. ಪರದೆಯ ಮುಂದಿನ ಅಗ್ಗದ ಸಾಲು, ಗಾಂಧಿ ಕ್ಲಾಸಿನಿಂದ ಚಿಲ್ಲರೆ ಕಾಸು ತೂರಿದ ಸದ್ದು ಬಂದರೆ ಹಾಡು ಶುರು. ಏನೂ ಕೇಳಿಸದಿದ್ದರೆ ತಾಯಿಯ ದೃಶ್ಯ. ಒಬ್ಬ ಖಳನ ದನಿಗೆ ಹೆದರಿ ನಾನು ದೊಡ್ಡಮ್ಮನ ಸೆರಗು ಹಿಡಿದು ಮಲಗುತ್ತಿದ್ದೆ. ಕೊನೆಗೊಂದು ದಿನ ದೊಡ್ಡಪ್ಪ ಒಳಗೆ ಕರೆದುಕೊಂಡು ಹೋದಾಗ ನೋಡಿದರೆ, ಆ ಸಿಡಿಲಿನಂಥ ದನಿ ಒಬ್ಬ ಸಣಕಲು ಮನುಷ್ಯನದು. ನನ್ನ ಮನಸ್ಸಿನಲ್ಲಿದ್ದವನು ಅವನಿಗಿಂತ ಎರಡು ಪಟ್ಟು ಎತ್ತರವಿದ್ದ. ಇವತ್ತಿಗೂ ಆ ಎತ್ತರದವನೇ ಕಣ್ಣಿಗೆ ಕಟ್ಟಿದ್ದಾನೆ.

ಆ ರಸ್ತೆಯ ಸಾಗರ್, ಹಿಮಾಲಯ, ಅಲಂಕಾರ್, ಕೆಂಪೇಗೌಡ ಒಂದೂ ಉಳಿದಿಲ್ಲ. ಸುಬೇದಾರ್ ಛತ್ರದ ರಸ್ತೆಯ ಕಪಾಲಿ 2017ರಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ತೋರಿಸಿತು. ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಹೋಯಿತು. ಮೆಜೆಸ್ಟಿಕ್ ಎಂಬ ಚಿತ್ರಮಂದಿರ ನೆಲಸಮವಾಗಿ ಎಷ್ಟೋ ಕಾಲವಾದರೂ ಕಂಡಕ್ಟರ್ ಇವತ್ತಿಗೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದೇ ಕೂಗುತ್ತಾನೆ. ಮೆಟ್ರೊ ನಿಲ್ದಾಣದ ಹೆಸರಿನ ಬಾಲಕ್ಕೂ ಅದೇ ಅಂಟಿಕೊಂಡಿದೆ. ಒಂದು ಟಾಕೀಸಿನ ಹೆಸರು ಇಡೀ ಬಡಾವಣೆಯಷ್ಟು ಬೆಳೆದು ಉಳಿಯಿತಲ್ಲ ಎಂದು ಪ್ರತಿ ಸಲ ಇಳಿಯುವಾಗಲೂ ಸಂತೋಷವಾಗುತ್ತದೆ. ಮಾಲ್‌ಗಳಲ್ಲಿ ನಾನೂ ಸಿನಿಮಾ ನೋಡುತ್ತೇನೆ, ಚಿತ್ರವೂ ಶಬ್ದವೂ ಅಲ್ಲಿ ಬಹಳ ಚೆನ್ನಾಗಿವೆ. ಆದರೆ ಪಕ್ಕದ ಪರದೆಯ ಸದ್ದೇ ಅಲ್ಲಿ ಕೇಳಿಸುವುದಿಲ್ಲ, ಇನ್ನು ಬೀದಿಯವನಿಗೆ ಎಲ್ಲಿಂದ ಕೇಳಬೇಕು?

ಇನ್ನು ಚಿನ್ನಸ್ವಾಮಿ ಕ್ರೀಡಾಂಗಣ. 1974ರ ಮಾರ್ಚಿನಲ್ಲಿ ಮುಂಬೈ ವಿರುದ್ಧದ ರಣಜಿ ಸೆಮಿಫೈನಲ್ ನಡೆದಾಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಅಪ್ಪ ಆ ಐದು ದಿನ ಅಂಗಡಿ ಮುಚ್ಚಿದ್ದರಂತೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ನಾಲ್ಕೇ ತಿಂಗಳಾಗಿತ್ತು, ಮೈಸೂರು ತಂಡ ಎನ್ನುವುದು ಇನ್ನೂ ನಾಲಿಗೆಯಿಂದ ಹೋಗಿರಲಿಲ್ಲ. ಮುಂಬೈಯವರು ಸತತ ಹದಿನೈದು ವರ್ಷ ಗೆದ್ದಿದ್ದವರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪ್ರಸನ್ನ ನಾಯಕ. ಮೊದಲ ಇನಿಂಗ್ಸಿನ ಮುನ್ನಡೆಯಲ್ಲಿ ನಮ್ಮವರು ಫೈನಲ್ ತಲುಪಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು. ಹೊಸ ಹೆಸರಿನ ಮೊದಲ ಋತುವಿನಲ್ಲೇ! ಅಪ್ಪ ಇದನ್ನು ಹೇಳುವಾಗಲೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನನ್ನ ಪಾಲಿನದು 1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್ ಫೈನಲ್, ಪಾಕಿಸ್ತಾನದ ವಿರುದ್ಧ. ಟಿಕೆಟ್ ಸಿಗಲಿಲ್ಲ. ಕಬ್ಬನ್ ಪಾರ್ಕಿನ ಕಡೆ ಒಬ್ಬ ಕಡಲೆಕಾಯಿಯವನ ಗಾಡಿಯ ಸುತ್ತ ನಾವೊಂದು ಮೂವತ್ತು ಜನ. ಅವನ ಟ್ರಾನ್ಸಿಸ್ಟರ್ ಗಾಡಿಯ ಕೊಕ್ಕೆಗೆ ನೇತಾಡುತ್ತಿತ್ತು. ಅದರ ದನಿಗಿಂತ ಗೋಡೆಯಾಚೆಯ ದನಿಯೇ ನಮಗೆ ಹೆಚ್ಚು ಹೇಳುತ್ತಿತ್ತು. ಬೌಂಡರಿಯ ಕೂಗು ಉದ್ದವಾಗಿ ಏಳುತ್ತದೆ, ಚೆಂಡು ಗೆರೆ ಮುಟ್ಟುವವರೆಗೆ ಏರುತ್ತಲೇ ಹೋಗುತ್ತದೆ. ವಿಕೆಟ್ಟಿನ ಕೂಗು ಒಮ್ಮೆಗೇ ಸಿಡಿಯುತ್ತದೆ. ಜಡೇಜ 25 ಎಸೆತಗಳಲ್ಲಿ 45 ಹೊಡೆದಾಗ ಏರಿದ ದನಿ ಇಳಿಯಲೇ ಇಲ್ಲ. ಆಮೇಲೆ ಆಮಿರ್ ಸೊಹೈಲ್ ಬೌಂಡರಿ ಹೊಡೆದು ವೆಂಕಟೇಶ ಪ್ರಸಾದ್‌ಗೆ ಬ್ಯಾಟಿನಿಂದ ದಿಕ್ಕು ತೋರಿಸಿದಾಗ, ಏನಾಗುತ್ತಿದೆ ಎಂದು ನಮಗೆ ಕಾಣುವಂತಿರಲಿಲ್ಲ. ಗೋಡೆಯಾಚೆ ಮೊದಲು ಬಿಗಿದ ಮೌನ. ಮುಂದಿನ ಎಸೆತದಲ್ಲೇ ಪ್ರಸಾದ್ ಅವನ ವಿಕೆಟ್ ಕಿತ್ತ ಮರುಕ್ಷಣ ಕಬ್ಬನ್ ಪಾರ್ಕಿನ ಮರಗಳಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು. ಕಡಲೆಕಾಯಿಯವನು ಸೇರು ಕೆಳಗಿಟ್ಟು ನನ್ನನ್ನು ತಬ್ಬಿಕೊಂಡ.

ಗೋಡೆಯ ಹೊರಗೆ ನಿಂತವನಿಗೂ ಒಂದು ಪಾಲು ಇಟ್ಟಿದ್ದ ಊರು ಇದು. ಆ ಪಾಲು ಕರಗುತ್ತಿದೆ ಎನ್ನಿಸಿ ಇಷ್ಟು ಬರೆದೆ. ನಿಮಗೂ ಹೀಗೆ ಹೊರಗೆ ನಿಂತು ಸಿಕ್ಕಿದ್ದೇನಾದರೂ ಇದ್ದರೆ ಹೇಳಿ.

ಖಂಜಿರದ ಹುಡುಗ | ಸೋಮವಾರ, ರಾತ್ರಿ 11.35

ನಮಸ್ಕಾರ ಸರ್. ನಾನು ಏಳು ವರ್ಷಗಳಿಂದ ಖಂಜಿರ ಎಂಬ ತಾಳವಾದ್ಯ ಕಲಿಯುತ್ತಿದ್ದೇನೆ. ನೀವು ಆಟೊ ಚಾಲಕರ ಬಗ್ಗೆ ಬರೆದದ್ದನ್ನು ಓದಿ ನನ್ನ ಗುರುಗಳಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ನಾಳೆ ಅಭ್ಯಾಸಕ್ಕೆ ಅರ್ಧ ಗಂಟೆ ಮುಂಚೆ ಬಾ’ ಎಂದರು.

ತನಿ ಶುರುವಾದ ಕೂಡಲೇ ಸಭೆಯಲ್ಲಿ ಅರ್ಧ ಜನ ಕಾಫಿಗೆ ಏಳುವುದು ಲಯವಾದ್ಯದವರ ಹಳೆಯ ನೋವು. ಮಲ್ಲೇಶ್ವರದ ಒಂದು ಸಣ್ಣ ದೇವಸ್ಥಾನದಲ್ಲಿ ನಾನು ಮೊದಲ ಸಲ ತನಿ ನುಡಿಸಿದಾಗ ಎದುರಿಗೆ ಕುರ್ಚಿಗಳು ಖಾಲಿಯಾಗುತ್ತಿದ್ದವು. ಪ್ರಾಕಾರದ ಗೋಡೆಯ ಆಚೆ ಹೂವು ಮಾರುವ ಅಮ್ಮ ಕುಳಿತಿದ್ದರು. ಕಚೇರಿ ಮುಗಿಸಿ ಹೊರಗೆ ಬಂದಾಗ ಅವರು ನನ್ನನ್ನು ನಿಲ್ಲಿಸಿ, ‘ಮಗಾ, ಕೊನೆಗೆ ಮೂರು ಸಲ ಒಂದೇ ಥರ ಬಾರಿಸಿ ನಿಲ್ಲಿಸಿದಿರಲ್ಲ, ಅದಕ್ಕೆ ಏನೆನ್ನುತ್ತಾರೆ?’ ಎಂದು ಕೇಳಿದರು. ಮುಕ್ತಾಯ ಎಂದೆ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಮಾಲೆ ಅಳೆದು, ಒಂದು ಮೊಳಕ್ಕೆ ಇನ್ನೊಂದು ಗೇಣು ಸೇರಿಸಿ ಕತ್ತರಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ನನಗೆ ಇದುವರೆಗೆ ಸಿಕ್ಕ ಸಂಭಾವನೆಗಳಲ್ಲಿ ಅದನ್ನು ಮೊದಲಿಗೆ ಎಣಿಸುತ್ತೇನೆ.

ಶ್ರೀರಾಂಪುರದವಳು | ಮಂಗಳವಾರ, ಬೆಳಿಗ್ಗೆ 6.20

ನಿಮ್ಮ ಬರಹ ಚೆನ್ನಾಗಿದೆ ಸರ್, ಆದರೆ ಒಂದು ಮಾತು ಹೇಳಲೇಬೇಕು.

ನನ್ನ ತಂದೆ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ನೀವು ಗೋಡೆಯ ಹೊರಗೆ ಕೇಳಿಸಿಕೊಂಡ ಸಿನಿಮಾಗಳನ್ನು ಗೋಡೆಯೊಳಗಿನ ಒಂದು ಸಣ್ಣ ಕಿಂಡಿಯಿಂದ ನಮ್ಮ ತಂದೆಯಂಥವರು ಬಿಡುತ್ತಿದ್ದರು. 2,000 ಅಡಿಯ ಒಂದು ರೀಲು 22 ನಿಮಿಷ ಓಡುತ್ತದೆ. ಎರಡು ಯಂತ್ರ ಇರುತ್ತವೆ. ಒಂದರ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಆಗ ಇನ್ನೊಂದರ ಮೋಟಾರು ಹಾಕಬೇಕು. ಎರಡನೆಯ ಚುಕ್ಕೆ ಬಿದ್ದ ಕೂಡಲೇ ಬದಲಾಯಿಸಬೇಕು. ಕಣ್ಣು ರೆಪ್ಪೆ ಹೊಡೆದರೆ ಪರದೆ ಬೆಳ್ಳಗಾಗಿ ಕೆಳಗಿನಿಂದ ಬೈಗುಳ ಬರುತ್ತದೆ. ಬೆಳಕಿಗೆ ತಾಮ್ರದ ಲೇಪವಿದ್ದ ಎರಡು ಕಾರ್ಬನ್ ಕಡ್ಡಿ; ಅವು ಉರಿದು ಸವೆದಂತೆ ತಿರುಗಿಸಿ ಹತ್ತಿರ ತರುತ್ತಲೇ ಇರಬೇಕು. ಉಳಿದ ಮೋಟು ಕಡ್ಡಿಗಳನ್ನು ತಂದೆ ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದರು, ನಾವು ಅವುಗಳಿಂದ ಸಿಮೆಂಟ್ ನೆಲದ ಮೇಲೆ ಕುಂಟೆಬಿಲ್ಲೆಯ ಗೆರೆ ಎಳೆಯುತ್ತಿದ್ದೆವು. ಒಂದೇ ಪ್ರಿಂಟನ್ನು ಎರಡು ಟಾಕೀಸುಗಳು ಹಂಚಿಕೊಂಡಾಗ ಸೈಕಲ್ಲಿನ ಹುಡುಗನಿಗಾಗಿ ಕಿಟಕಿಯಲ್ಲಿ ನಿಂತು ಕಾಯುವುದೂ ಅವರ ಕೆಲಸವಾಗಿತ್ತು. ‘ನೂರಾರು ಸಿನಿಮಾ ಹಾಕಿದ್ದೇನೆ, ಒಂದನ್ನೂ ನೋಡಿಲ್ಲ. ನೋಡಿದ್ದು ಬಲಮೂಲೆಯನ್ನು ಮಾತ್ರ’ ಎನ್ನುತ್ತಿದ್ದರು.

ಈಗ ನನ್ನ ಮಾತು. ನಿಮ್ಮ ಓಣಿ, ನಿಮ್ಮ ಕಾಂಪೌಂಡು, ನಿಮ್ಮ ಕಬ್ಬನ್ ಪಾರ್ಕು ಮೂರರಲ್ಲೂ ನಿಂತವರು ಗಂಡಸರು. ರಾತ್ರಿ ಒಂಬತ್ತರವರೆಗೆ ರಸ್ತೆ ಬದಿಯಲ್ಲಿ ಗೋಡೆಗೆ ಒರಗಿ ನಿಲ್ಲಲು ನನಗಾಗಲಿ ನನ್ನ ತಾಯಿಗಾಗಲಿ ಯಾವತ್ತೂ ಆಗಲಿಲ್ಲ. ಹೊರಗೆ ಸುಮ್ಮನೆ ನಿಂತ ಹೆಣ್ಣನ್ನು ಜನ ಹೇಗೆ ನೋಡುತ್ತಾರೆಂದು ನಾನು ವಿವರಿಸಬೇಕಿಲ್ಲ. ಅಮ್ಮನಿಗೆ ಇದ್ದದ್ದು ಒಳಗಿನ ಜಾಗ. ಟಿಕೆಟ್ ಇದ್ದರೆ ‘ಯಾಕೆ ಇಲ್ಲಿದ್ದೀಯ’ ಎಂದು ಯಾರೂ ಕೇಳುವುದಿಲ್ಲ. ಬಾಲ್ಕನಿಯ ಹಿಂದಿನ ಸಾಲಿನಲ್ಲಿ ಮೂರು ಗಂಟೆ ಕುಳಿತು ಬಂದ ದಿನ ಅಮ್ಮನ ಮುಖದ ಮೇಲಿದ್ದ ನಿರಾಳ ಬೇರೆ ದಿನ ಇರುತ್ತಿರಲಿಲ್ಲ. ನೀವು ದೂರುವ ಮಾಲಿಗೆ ನನ್ನ ಮಗಳು ಒಬ್ಬಳೇ ಹೋಗಿ ರಾತ್ರಿ ಆಟ ನೋಡಿ ಮೆಟ್ರೊದಲ್ಲಿ ಬರುತ್ತಾಳೆ. ದಪ್ಪ ಗೋಡೆ ನಮಗೆ ಬೇರೆಯದೇ ಅರ್ಥ ಕೊಡುತ್ತದೆ.

ಕೋಟೆ ಬೀದಿಯ ಕೇಳುಗ | ಮಂಗಳವಾರ, ಮಧ್ಯಾಹ್ನ 1.15

ಮೇಡಂ, ಊಟದ ಡಬ್ಬಿ ಮುಚ್ಚಿಟ್ಟು ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ನಿಜ. ಕಡಲೆಕಾಯಿ ಗಾಡಿಯ ಸುತ್ತಲಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೆನೆದೆ. ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅದನ್ನು ಗಮನಿಸಲು ನನಗೆ ಮೂವತ್ತು ವರ್ಷ ಬೇಕಾಯಿತು. ನಮ್ಮಮ್ಮನಿಗೂ ಸಂಗೀತದ ಹುಚ್ಚು ಇತ್ತು. ಅವರು ಮನೆಯಲ್ಲಿ ಅಡಿಗೆ ಮಾಡುತ್ತ ರೇಡಿಯೊ ಕೇಳುತ್ತಿದ್ದರು, ನಾನು ಹೊರಗೆ ನಿಂತು ಕೇಳಿ ಬಂದು ಇವತ್ತು ಏನೇನು ಹಾಡಿದರೆಂದು ವರದಿ ಒಪ್ಪಿಸುತ್ತಿದ್ದೆ. ‘ನೀವೂ ಬನ್ನಿ’ ಎಂದು ಒಂದು ದಿನವೂ ಕರೆಯಲಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೂ ಬರೆದಿದ್ದೇನೆ.

ನಿಮ್ಮ ತಂದೆಯವರ ಬಲಮೂಲೆಯ ಮಾತು ನನ್ನನ್ನು ಬಿಡುತ್ತಿಲ್ಲ. ನಾನೂ ಪುಸ್ತಕಗಳನ್ನು ಹಾಗೆಯೇ ನೋಡಿದವನು. ನೂರಾರು ಕಾದಂಬರಿಗಳ ಕರಡು ತಿದ್ದಿದ್ದೇನೆ, ಕತೆ ನೆನಪಿಲ್ಲ, ಒತ್ತಕ್ಷರ ನೆನಪಿದೆ.

ಸಿಂಧನೂರಿನ ಸವಾರ | ಮಂಗಳವಾರ, ರಾತ್ರಿ 12.40

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 26. ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು, ಮನೆಮನೆಗೆ ಊಟ ತಲುಪಿಸುವ ಕೆಲಸ. ಹೊರಗೆ ನಿಲ್ಲುವುದೇ ನನ್ನ ಕೆಲಸ, ಹಾಗಾಗಿ ಬರೆಯುತ್ತಿದ್ದೇನೆ.

ಐಪಿಎಲ್ ದಿನಗಳಲ್ಲಿ ಆರ್ಡರ್ ಹೆಚ್ಚು. ಹೋಟೆಲಿನ ಗಾಜಿನಾಚೆ ಟಿ.ವಿ. ಇರುತ್ತದೆ, ಪೊಟ್ಟಣ ಕಟ್ಟುವವರೆಗೆ ನಾಲ್ಕೈದು ಎಸೆತ ಸಿಗುತ್ತವೆ. ದನಿ ಕೇಳಿಸುವುದಿಲ್ಲ, ಚಿತ್ರ ಮಾತ್ರ. ನಿಮ್ಮದು ತಿರುಗುಮುರುಗು, ಅಣ್ಣ. ಅಪಾರ್ಟ್‌ಮೆಂಟುಗಳಲ್ಲಿ ಕೆಲವು ಕಡೆ ನಮಗೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಬೇಕು. ಹೋದ ವರ್ಷ ಒಂದು ರಾತ್ರಿ ಹತ್ತುತ್ತಿದ್ದಾಗ ಎರಡನೆಯ ಮಹಡಿಯಲ್ಲಿ ‘ಸಿಕ್ಸ್’ ಎಂದು ಕಿರುಚಿದರು. ಮೂರನೆಯ ಮಹಡಿಗೆ ಬಂದೆ, ಅಲ್ಲಿ ಆಗ ಕಿರುಚಿದರು. ನಾಲ್ಕನೆಯದರಲ್ಲಿ ಬಾಗಿಲು ತೆರೆದ ಹುಡುಗನ ಕೈಯಲ್ಲಿ ಮೊಬೈಲ್, ಅದರಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಕೇಬಲ್, ಡಿಶ್, ಮೊಬೈಲ್ ಒಂದೊಂದಕ್ಕೂ ಒಂದೊಂದು ತಡ. ನಾನು ಪೊಟ್ಟಣ ಕೊಟ್ಟು, ‘ಸಿಕ್ಸ್ ಹೋಗುತ್ತೆ ನೋಡು’ ಎಂದೆ. ಹೋಯಿತು. ಆ ಹುಡುಗ ನನ್ನ ಮುಖ ನೋಡಿದ ರೀತಿ! ಒಳಗಿನಿಂದ ಅವರಮ್ಮ ಯಾರೋ ಅದು ಎಂದರು. ‘ಅಮ್ಮ, ಈ ಅಣ್ಣನಿಗೆ ಮೊದಲೇ ಗೊತ್ತಾಗುತ್ತೆ’ ಎಂದ. ಅವರು ನೀರು ಕೊಟ್ಟರು. ಐದು ನಿಮಿಷ ಕೂತು ಹೋಗಿ ಎಂದರು, ಇನ್ನೊಂದು ಆರ್ಡರ್ ಇದ್ದುದರಿಂದ ಕೂರಲಿಲ್ಲ.

ಎಂ.ಜಿ. ರಸ್ತೆ ನಿಲ್ದಾಣ ಬಿಟ್ಟು ಮೆಟ್ರೊ ಸುರಂಗಕ್ಕೆ ಇಳಿಯುವ ಮುಂಚೆ ಕ್ರೀಡಾಂಗಣದ ದೀಪಗಳು ಕಾಣುತ್ತವೆ. ಪಂದ್ಯದ ರಾತ್ರಿ ಇಡೀ ಬೋಗಿಯೇ ಆ ಕಡೆ ತಿರುಗುತ್ತದೆ. ರಜಾ ದಿನ ಅದನ್ನು ನೋಡಲೆಂದೇ ಒಂದೆರಡು ಸಲ ಹೋಗಿದ್ದೇನೆ. ಒಳಗೆ ಹೋಗಿ ಒಂದು ಪಂದ್ಯ ನೋಡುವ ಆಸೆ ಇನ್ನೂ ಇದೆ.

ಸಾಧನಕೇರಿ | ಬುಧವಾರ, ಬೆಳಿಗ್ಗೆ 7.05

ಧಾರವಾಡದಿಂದ ಬರೆಯುತ್ತಿದ್ದೇನೆ. ಹೊರಗೆ ನಿಂತು ಕೇಳುವುದು ಬೆಂಗಳೂರಿನದೊಂದೇ ಸೊತ್ತಲ್ಲ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರೂ ಅವರ ಶಿಷ್ಯರು. ನಮ್ಮ ಅಜ್ಜ ಸಂಶಿಯ ಕಡೆಯಿಂದ ಚಕ್ಕಡಿಯಲ್ಲಿ ಬಂದು, ಒಳಗೆ ಜಾಗವಿಲ್ಲದಾಗ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತು ಬೆಳಗಿನ ಭೈರವಿಯವರೆಗೆ ಕೇಳುತ್ತಿದ್ದರು. ಎತ್ತುಗಳನ್ನು ಅಲ್ಲೇ ಬಿಟ್ಟಿರುತ್ತಿದ್ದರು. ಕೊರಳ ಗಂಟೆ ಸದ್ದಾಗಬಾರದೆಂದು ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಿದ್ದರಂತೆ. ಸಂಗೀತಕ್ಕೆ ಮರ್ಯಾದೆ ಎಂದರೆ ನನಗೆ ಆ ಬಟ್ಟೆ ನೆನಪಾಗುತ್ತದೆ.

ಗೌತಮಪುರ 10 | ಬುಧವಾರ, ಸಂಜೆ 5.30

ಇಡೀ ಊರು ಕ್ರಿಕೆಟ್ ಎನ್ನುವಾಗ ನಮ್ಮ ಗಲ್ಲಿಯನ್ನೂ ಸೇರಿಸಿಕೊಳ್ಳಿ. ಹಲಸೂರು ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಫುಟ್‌ಬಾಲ್ ವಿಶ್ವಕಪ್ ಬಂದರೆ ಬೀದಿಯಲ್ಲೇ ಪರದೆ ಕಟ್ಟುತ್ತೇವೆ, ಬ್ರೆಜಿಲಿನ ಹಳದಿ ಅಂಗಿ ಹಾಕಿಕೊಳ್ಳುತ್ತೇವೆ. ನಮ್ಮಲ್ಲಿ ಗೋಡೆಯೇ ಇಲ್ಲ, ಹಾಗಾಗಿ ಹೊರಗಿನವರೂ ಇಲ್ಲ. ಶ್ರೀರಾಂಪುರದ ಅಕ್ಕ, ನಮ್ಮ ಅಜ್ಜಿಯರು ಬಾಗಿಲಲ್ಲಿ ಮೊರ ಹಿಡಿದು ಕುಳಿತು ಆಫ್‌ಸೈಡ್ ಬಗ್ಗೆ ಜಗಳ ಮಾಡುತ್ತಾರೆ. ಒಮ್ಮೆ ಬನ್ನಿ.

ಕಬ್ಬನ್ ರಸ್ತೆಯ ನಡಿಗೆ | ಬುಧವಾರ, ರಾತ್ರಿ 9.10

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕ್ರೀಡಾಂಗಣದ ಗೋಡೆಯ ಹೊರಗೆ ನಿಂತ ಸುಖವನ್ನು ಓದುವಾಗ ನನಗೆ 2025ರ ಜೂನ್ 4 ಬಿಟ್ಟು ಬೇರೇನೂ ಕಾಣಲಿಲ್ಲ. ಆರ್‌ಸಿಬಿ ಹದಿನೆಂಟು ವರ್ಷ ಕಾದ ಐಪಿಎಲ್ ಟ್ರೋಫಿ ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಸಿಕ್ಕಿತ್ತು. ಮರುದಿನ ಸಂಜೆ ಆ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಎಲ್ಲರೂ ಹೊರಗೆ ನಿಂತಿದ್ದವರು. ಒಂದು ಬಸ್ಸನ್ನು, ಒಂದು ಕೈ ಬೀಸುವಿಕೆಯನ್ನು ನೋಡಲು ಬಂದವರು.

ನನ್ನ ಅಣ್ಣನ ಮಗ ಅಲ್ಲಿದ್ದ. ಮನೆಗೆ ಬಂದಾಗ ಒಂದೇ ಕಾಲಿನಲ್ಲಿ ಶೂ ಇತ್ತು. ಕೆಂಪು ಜೆರ್ಸಿಯ ತೋಳು ಹರಿದಿತ್ತು. ಯಾರದೋ ಹುಡುಗಿಯ ಕೈ ಹಿಡಿದು ಎಳೆದಿದ್ದನಂತೆ, ಕೈ ಜಾರಿತಂತೆ. ಅಷ್ಟು ಮಾತ್ರ ಹೇಳಿದ, ಮುಂದೆ ಹೇಳಿಲ್ಲ, ನಾವೂ ಕೇಳಿಲ್ಲ. ಆ ಒಂಟಿ ಶೂ ಈಗಲೂ ಅವನ ಕೋಣೆಯಲ್ಲಿದೆ. ಎಸೆಯಲು ಬಿಡುವುದಿಲ್ಲ. ತಪ್ಪು ಯಾರದು ಎಂಬುದನ್ನು ನಾನಿಲ್ಲಿ ಎತ್ತುತ್ತಿಲ್ಲ. ಹೊರಗೆ ನಿಂತವನಿಗೆ ಈ ಊರು ಪಾಲು ಇಟ್ಟಿತ್ತು ಎಂದಿರಿ. ಅವನಿಗೆ ಉಸಿರಾಡಲು ಜಾಗ ಇಟ್ಟಿದೆಯೇ?

ಕೋಟೆ ಬೀದಿಯ ಕೇಳುಗ | ಬುಧವಾರ, ರಾತ್ರಿ 11.50

ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಮೊದಲ ಬರಹದಲ್ಲಿ ಕ್ರಿಕೆಟ್ಟಿನ ಭಾಗ 1996ಕ್ಕೇ ನಿಂತದ್ದಕ್ಕೆ ಕಾರಣ ನೀವು ಹೇಳಿದ ದಿನವೇ. ಆ ಸಂಜೆ ನಾನು ಪ್ರೆಸ್ಸಿನಲ್ಲಿದ್ದೆ. ಅಭಿನಂದನೆಯ ಬ್ಯಾನರಿನ ಅಕ್ಷರ ನೋಡುತ್ತಿದ್ದಾಗ ಸುದ್ದಿ ಬಂತು. ಯಂತ್ರ ನಿಲ್ಲಿಸಿದೆವು. ಅಂದಿನಿಂದ ಆ ಗೋಡೆಯ ಹತ್ತಿರ ಹೋಗಿಲ್ಲ. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋದರೂ ಇನ್ನೊಂದು ಬದಿಯ ಕಿಟಕಿಗೆ ಕೂರುತ್ತೇನೆ.

ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ. ಮಾರ್ಚ್ 1996ರಲ್ಲಿ ನಾವು ಮೂವತ್ತು ಜನ ಒಂದು ಗಾಡಿಯ ಸುತ್ತ ಇದ್ದೆವು, ಆಚೆಯ ಗಾಡಿಗೆ ಇನ್ನೊಂದಿಷ್ಟು ಜನ. ನಡುವೆ ಓಡಾಡಲು ದಾರಿ ಇತ್ತು. ಯಾರೂ ಆ ದಾರಿಯನ್ನು ವ್ಯವಸ್ಥೆ ಮಾಡಿರಲಿಲ್ಲ, ಜನ ಕಡಿಮೆ ಇದ್ದುದರಿಂದ ಅದು ತಾನಾಗಿ ಇತ್ತು. ಅದನ್ನು ನಾನು ಊರಿನ ಔದಾರ್ಯ ಎಂದು ಎಣಿಸಿದೆ. ಈಗ ಲಕ್ಷಾಂತರ ಜನ ಒಂದು ಸಂದೇಶ ನೋಡಿ ಒಂದೇ ಗಂಟೆಯಲ್ಲಿ ಹೊರಡುತ್ತಾರೆ. ಅಷ್ಟು ಜನಕ್ಕೆ ದಾರಿ ತಾನಾಗಿ ಇರುವುದಿಲ್ಲ, ಯಾರಾದರೂ ಕುಳಿತು ಲೆಕ್ಕ ಹಾಕಿ ಬಿಡಬೇಕು. ಒಳಗಿನ ಕುರ್ಚಿಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಹೊರಗಿನ ತಲೆಗಳನ್ನೂ ಎಣಿಸಬೇಕು. ಆ ಮಗುವಿಗೆ ಶೂ ಇಟ್ಟುಕೊಳ್ಳಲು ಬಿಡಿ. ನನ್ನ ಪರವಾಗಿ ಅವನ ಬೆನ್ನ ಮೇಲೆ ಒಮ್ಮೆ ಕೈಯಿಡಿ.

ಖಂಜಿರದ ಹುಡುಗ | ಗುರುವಾರ, ಬೆಳಿಗ್ಗೆ 8.00

ರಾತ್ರಿ ಇದನ್ನೆಲ್ಲ ಓದಿ ಅಭ್ಯಾಸಕ್ಕೆ ಕೂರಲಾಗಲಿಲ್ಲ. ಕೇಳುಗ ಸರ್, ನಾಳೆ ಸಂಜೆ ನೀವು ಅಲ್ಲೇ ಇರುತ್ತೀರಾ? ಹೊರಗಿನಿಂದ ತನಿ ಹೇಗೆ ಕೇಳುತ್ತದೆಂದು ನನಗೆ ಕೇಳಬೇಕು. ಗುರುಗಳೂ ಬರುತ್ತೇನೆಂದಿದ್ದಾರೆ.

ಕೋಟೆ ಬೀದಿಯ ಕೇಳುಗ | ಗುರುವಾರ, ಬೆಳಿಗ್ಗೆ 8.20

ಖಂಡಿತ ಬನ್ನಿ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದರೆ ನಡೆದು ಬರುವಷ್ಟೇ ದೂರ. ಮಾವಿನಕಾಯಿ ಗಾಡಿಯಿಂದ ಎರಡು ಹೆಜ್ಜೆ ಈಚೆ, ಹಾಲುಬಿಳಿ ಕೂದಲಿನವನು ನಾನು. ಏಳೂ ಕಾಲಿಗೆ ಅಲ್ಲಿರುತ್ತೇನೆ. ಶ್ರೀರಾಂಪುರದ ಮೇಡಂ, ನಿಮ್ಮ ತಾಯಿಯವರು ಇದ್ದಾರೆಂದುಕೊಂಡು ಕೇಳುತ್ತಿದ್ದೇನೆ. ಅವರನ್ನು ಕರೆದುಕೊಂಡು ಬರುತ್ತೀರಾ? ನಮ್ಮ ಮನೆಯವರೂ ಬರುತ್ತಾರೆ. ಮೊದಲ ಸಲ ಕರೆದಿದ್ದೇನೆ.

ಶ್ರೀರಾಂಪುರದವಳು | ಗುರುವಾರ, ಮಧ್ಯಾಹ್ನ 2.45

ಅಮ್ಮನಿಗೆ 79. ಕೇಳಿದೆ. ‘ಹೊರಗೆ ನಿಂತು ಕೇಳುವುದೆಂದರೆ ಎಲ್ಲಿ ಕೂರಲಿ?’ ಎಂದರು. ಮಂಡಿ ನೋವು, ಹತ್ತು ನಿಮಿಷ ನಿಲ್ಲಲಾಗುವುದಿಲ್ಲ. ಒಂದು ಸ್ಟೂಲ್ ಸಿಗುವುದೇ?

ಕೋಟೆ ಬೀದಿಯ ಕೇಳುಗ | ಗುರುವಾರ, ರಾತ್ರಿ 10.30

ಸ್ಟೂಲಿನ ವಿಷಯ ಇವತ್ತು ಮಾವಿನಕಾಯಿಯವನಲ್ಲಿ ಕೇಳುತ್ತಿದ್ದೆ. ಆಟೊದವನು ಕೇಳಿಸಿಕೊಂಡ. ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತೆಗೆದು, ಹಿಂದಿನ ಸೀಟು ನೇರವಾಗಿ ಚಪ್ಪರದ ಕಡೆ ತೆರೆಯುವಂತೆ ನಿಲ್ಲಿಸಿ ತೋರಿಸಿದ. ‘ಅಮ್ಮ ಇಲ್ಲಿ ಕೂರಲಿ, ಇಲ್ಲಿಗೆ ಮೃದಂಗ ಚೆನ್ನಾಗಿ ಬೀಳುತ್ತೆ’ ಎಂದ. ನಾಳೆ ಸೀಟಿನ ಮೇಲೆ ಹಾಸಲು ಮನೆಯಿಂದ ಜಮಖಾನ ತರುತ್ತಾನಂತೆ.